ಇದ್ದಷ್ಟರಲ್ಲಿ ಮದುವೆ ಊಟ

ಅನ್ನ ಹಾಕಿದ ಮನೆ ಕೆಡಲ್ಲ, ಗೊಬ್ಬರ ಹಾಕಿದ ಹೊಲ ಕೆಡಲ್ಲ ಅಂತ ನಮ್ಮ ಹಿರಿಯರ ಗಾದೆಮಾತು. ಹೊಲದ ಮಾತು ಇವತ್ತಿಗೂ ನಿಜ ಐತಿ. ಒಂದು ಬಂಡಿ ತಿಪ್ಪೆಗೊಬ್ಬರ ಹೆಚ್ಚಿಗೆ ಬಿದ್ದ ಕಡೆ ಬೆಳೆ ಬೇರೆಯಾಗಿಯೇ ಕಾಣುತ್ತೆ. ಮನೆಯ ಮಾತು ಮಾತ್ರ ಈಗೀಗ ಅನುಮಾನಕ್ಕೆ ಬಂದೈತಿ. ಪೆದ್ದಕಡುಬೂರು, ಕೋಸಿಗಿ, ಕೌತಾಳಂ, ಆದೋನಿ ಸುತ್ತಮುತ್ತ ಮದುವೆಯಲ್ಲಿ ಸಾವಿರ ಮಂದಿಗೆ ಅನ್ನ ಹಾಕಿ, ಮರುವರ್ಷ ಹೊಲ ಒತ್ತೆ ಇಟ್ಟ ಮನೆಗಳನ್ನು ನಾನು ಕಂಡೀನಿ. ಹಂಗಾದ್ರೆ ಗಾದೆ ಸುಳ್ಳಾಯಿತಾ, ಇಲ್ಲಾ ನಾವು ಅನ್ನ ಹಾಕೋ ರೀತಿ ಕೆಟ್ಟಿತಾ? ಈ ವಿಚಾರ ಹಿಡಿದು ನಾಲ್ಕು ಮಾತು ಬರೀತೀನಿ. ಓದೋ ಬಂಧುಗಳು, ಮಾಸ್ತರುಗಳು ಸಮಾಧಾನದಿಂದ ಕೇಳಬೇಕು.

ಇದನ್ನು ಹೇಳಲಿಕ್ಕೆ ನೀನ್ಯಾರು ಅಂತ ಯಾರಾದರೂ ಕೇಳಬಹುದು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಸೋಬಾನೆ ಹಾಡೋರನ್ನು ಎಲ್ಲಾ ತರದ ಮನೆಗೂ ಕರೀತಾರೆ. ತಗಡಿನ ಮನೆ ಮುಂದಿನ ಹಂದರದಾಗೂ ಹಾಡೀನಿ, ಆದೋನಿಯ ದೊಡ್ಡ ಕಲ್ಯಾಣ ಮಂಟಪದಾಗೂ ಹಾಡೀನಿ. ಅರಿಶಿಣ ಹಚ್ಚೋ ದಿನವೇ ನಾವು ಹೋಗಬೇಕು. ಅಡಿಗೆ ಒಲೆಯ ಪಕ್ಕದಾಗೇ ನಮಗೆ ಚಾಪೆ ಹಾಸಿಕೊಡ್ತಾರೆ. ಬೀಗರೆಲ್ಲ ಉಂಡ ಮೇಲೆ, ಪಾತ್ರೆ ತಿಕ್ಕೋರು, ಹಲಗೆ ಬಡಿಯೋರು, ನೀರು ಹೊರೋರು, ಇವರ ಜೊತೆ ಕಡೇ ಪಂಕ್ತಿಯಾಗ ನಮ್ಮ ಎಲೆ ಬೀಳುತ್ತೆ. ಹಂಗಾಗಿ ಮೊದಲನೇ ಎಲೆಗೆ ಏನು ಬಿತ್ತು, ಕಡೇ ಎಲೆಗೆ ಏನು ಉಳೀತು ಅನ್ನೋದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಹಿಂದಿನ ಕಾಲದ ಊಟ ಹೆಂಗಿತ್ತು ಹೇಳ್ತೀನಿ. ನಮ್ಮ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದವು. 1953ರ ಅಕ್ಟೋಬರ್ 1ನೇ ತಾರೀಖು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರು ಕಡೆ ಹೋಯಿತು, ನಾವು ಈ ಕಡೆ ಬಂದ್ವಿ. ಜಿಲ್ಲೆ ಬದಲಾಯಿತು, ಒಲೆ ಬದಲಾಗಲಿಲ್ಲ. ಹೊಳೆ ಆಚೆ ರಾಯಚೂರು, ಪಡುವಣಕ್ಕೆ ಸಿರುಗುಪ್ಪ, ಈ ಕಡೆ ನಾವು, ಎಲ್ಲರದೂ ಒಂದೇ ಅಡಿಗೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ತೆಲುಗಿನವರು ಅದನ್ನೇ ಉಗ್ಗಾನಿ ಬಜ್ಜಿ ಅಂತಾರೆ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮದುವೆ ಅಂದ್ರೆ ಗೋಧಿ ಹುಗ್ಗಿ ಇಲ್ಲವೇ ಹೋಳಿಗೆ, ಅದರ ಮೇಲೆ ತುಪ್ಪ, ಆಮೇಲೆ ಅನ್ನ, ಕಟ್ಟಿನ ಸಾರು, ಮಜ್ಜಿಗೆ. ಇಷ್ಟಕ್ಕೆ ಮದುವೆ ಊಟ ಮುಗೀತು.

ಆವಾಗ ನೆಲ್ಲಕ್ಕಿ ಅನ್ನ ಹಬ್ಬದ ಸಾಮಾನು. ಮನೆಯಾಗ ದಿನಾ ಉಣ್ಣೋದು ಜೋಳ, ಸಜ್ಜೆ, ನವಣೆ. ಬಿಳೀ ಅನ್ನ ಬಡಿಸಿದರೆ ಸಾಕು, ಮದುವೆ ದೊಡ್ಡದಾಯಿತು ಅಂತಿದ್ದರು. ಆಮೇಲೆ ತುಂಗಭದ್ರಾ ಕೆಳಮಟ್ಟದ ಕಾಲುವೆ ನೀರು ಮುಟ್ಟಿದ ಊರಾಗ ನೆಲ್ಲು ಬಂತು. 1983ರಾಗ ಎನ್.ಟಿ. ರಾಮರಾವ್ ಅವರು ಕಿಲೋಕ್ಕೆ ಎರಡು ರೂಪಾಯಿ ಅಕ್ಕಿ ಕೊಟ್ಟರು. ಬಡವರ ಹೊಟ್ಟೆಗೆ ಅದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ಅನ್ನ ದಿನದ ಊಟ ಆದ ಮೇಲೆ ಮದುವೆಗೆ ಬೇರೇನೋ ಬೇಕಾಯಿತು. ಮೊದಲು ಪಲಾವು ಬಂತು, ಆಮೇಲೆ ಎರಡು ತರದ ಸಿಹಿ, ಆಮೇಲೆ ಗೋಬಿ ಮಂಚೂರಿ, ಪನ್ನೀರು, ಐಸ್‌ಕ್ರೀಮು, ಕಡೆಗೆ ಬೀಡಾ. ಒಂದು ಮನೆಯಾಗ ಮಾಡಿದ್ದನ್ನ ಮುಂದಿನ ಮನೆಯವರು ಬಿಡಂಗಿಲ್ಲ, ಒಂದು ಕೂಡಿಸಿಯೇ ಮಾಡಬೇಕು. ಹಿಂಗೆ ಎಲೆ ಮೇಲೆ ಸಾಲು ಬೆಳೀತು, ಎಲೆ ಕೆಳಗೆ ಸಾಲ ಬೆಳೀತು.

ಇನ್ನೊಂದು ದೊಡ್ಡ ಬದಲಾವಣೆ ಐತಿ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಹಿಂದೆ ಮದುವೆ ಮನೆಯವರು ಊರಿಗೆ ಊಟ ಹಾಕ್ತಿದ್ದರು ಅನ್ನೋದು ಅರ್ಧ ಮಾತು. ಅರ್ಧ ಊಟ ಊರೇ ಹೊತ್ತುಕೊಂಡು ಬರ್ತಿತ್ತು. ಒಬ್ಬರು ಜೋಳ, ಒಬ್ಬರು ಬೇಳೆ, ಒಬ್ಬರು ಬೆಲ್ಲದ ಪೆಂಟೆ, ಹಾಲು ಮೊಸರು ಇದ್ದೋರು ಮೊಸರಿನ ಗಡಿಗೆ. ಅದಕ್ಕೆ ಮುಯ್ಯಿ ಅಂತೀವಿ. ಇವತ್ತು ನನ್ನ ಮನೆಗೆ ಬಂದದ್ದು ನಾಳೆ ನಿನ್ನ ಮನೆಗೆ ವಾಪಸ್ಸು ಹೋಗಬೇಕು. ಬೀಸೋದು, ಕುಟ್ಟೋದು, ಕಟ್ಟಿಗೆ ಒಡೆಯೋದು ಎಲ್ಲಾ ಕೈಮುಯ್ಯಿ. ರಾತ್ರಿಯೆಲ್ಲಾ ಬೀಸುಕಲ್ಲು ಮುಂದೆ ಕುಂತು ಹಾಡಿಕೊಂತ ಹಿಟ್ಟು ಮಾಡ್ತಿದ್ದರು. ನಮ್ಮ ಹಾಡುಗಳು ಎಷ್ಟೋ ಹಿಂಗೇ ಉಳಿದಾವೆ. ಈಗ ಮುಯ್ಯಿ ಅಂದ್ರೆ ಕವರಿನಾಗ ರೊಕ್ಕ, ಇಲ್ಲವೇ ಯಾರಿಗೂ ಬೇಡಾದ ಗೋಡೆ ಗಡಿಯಾರ. ಅಡಿಗೆ ಅಂದ್ರೆ ಗುತ್ತಿಗೆ. ಗುತ್ತಿಗೆಯವರು ಎಲೆಗಿಷ್ಟು ಅಂತ ಎಣಿಸಿ ರೊಕ್ಕ ತಗೊಂತಾರೆ. ಊರಿನ ಕೈ ಹಿಂದಕ್ಕೆ ಸರೀತು, ಇಡೀ ಭಾರ ಒಂದೇ ಮನೆಯ ಮೇಲೆ ಬಿತ್ತು.

ಈಗ ಲೆಕ್ಕ ನೋಡ್ರಿ. ಎಲೆಗೆ 150 ರೂಪಾಯಿ ಅಂದುಕೊಳ್ಳೋಣ. ಸಾವಿರ ಎಲೆಗೆ 1,50,000 ಆಯಿತು. ಎರಡು ಎಕರೆ ಮಳೆ ನಂಬಿದ ಹೊಲದವನ ಹತ್ತಿರ ಅಷ್ಟು ರೊಕ್ಕ ಎಲ್ಲಿರುತ್ತೆ? ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತರ್ತಾನೆ. ತಿಂಗಳಿಗೆ 3,000 ಬಡ್ಡಿ, ವರ್ಷಕ್ಕೆ 36,000. ಅಸಲು ಹಂಗೇ ಕುಂತಿರುತ್ತೆ. ಬೀಗರು ಒಂದು ತಾಸಿನಾಗ ಉಂಡು ಕೈ ತೊಳೆದು ಹೋಗ್ತಾರೆ, ಇವನು ನಾಲ್ಕು ವರ್ಷ ಬಡ್ಡಿ ಕಟ್ತಾನೆ. ನಾಲ್ಕು ವರ್ಷದ ಬಡ್ಡಿ ಕೂಡಿಸಿದರೆ 1,44,000. ಅಂದ್ರೆ ಹತ್ತಿರ ಹತ್ತಿರ ಒಂದು ಊಟದ ರೊಕ್ಕ ಬಡ್ಡಿಗೇ ಹೋಯಿತು, ಆವಾಗಲೂ ಅಸಲು ತೀರಿಲ್ಲ.

ನಮ್ಮ ಓಣಿಗೆ ದೂರದವರೇನಲ್ಲ, ಒಂದು ಮನೆಯವರು ಮಗಳ ಮದುವೆಗೆ ಒಂಬೈನೂರು ಎಲೆ ಹಾಕಿದರು. ಆ ವರ್ಷ ಹತ್ತಿಗೆ ಮಳೆ ಕೈಕೊಟ್ಟಿತು. ಹೆಣ್ಣು ಗಂಡನ ಮನೆಗೆ ಹೋದಳು, ಹೆತ್ತೋರು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೆ ಹೋದರು. ಸುಗ್ಗಿಗೆ ಹೋಗೋದು ಅಂತೀವಲ್ಲ, ಅದು. ಆರನೇ ಕ್ಲಾಸಿನಾಗಿದ್ದ ಮಗನನ್ನ ಯಾರ ಹತ್ತಿರ ಬಿಡಬೇಕು? ಜೊತೆಗೇ ಕರಕೊಂಡು ಹೋದರು. ಮೂರು ವರ್ಷ ಹಂಗೇ ನಡೀತು. ಹುಡುಗ ಮತ್ತೆ ಸಾಲಿ ಮೆಟ್ಟಿಲು ಹತ್ತಲಿಲ್ಲ. ಆ ತಾಯಿ ನನ್ನ ಮುಂದೆ ಒಂದು ಮಾತು ಅಂದಳು: “ಯಕ್ಕಾ, ಆವತ್ತು ಉಂಡೋರಾಗ ನೂರು ಮಂದಿ ಹೆಸರು ಹೇಳು ಅಂದ್ರ ನನಗ ಬರಂಗಿಲ್ಲ. ನನ ಮಗನ ಸಾಲಿ ಮಾತ್ರ ಅವರ ಎಲೀ ಜೊತಿ ತಿಪ್ಪಿಗಿ ಹೋತು.”

ಸುಗ್ಗಿಗೆ ಹೋಗಲಿಕ್ಕೆ ಮದುವೆ ಸಾಲ ಒಂದೇ ಕಾರಣ ಅಂತ ನಾನು ಹೇಳಂಗಿಲ್ಲ. ಮಳೆ ಇಲ್ಲದ್ದು ಮೊದಲ ಕಾರಣ, ಊರಾಗ ಕೂಲಿ ಇಲ್ಲದ್ದು ಎರಡನೇದು. ಆದರೆ ಮಳೆ ನಮ್ಮ ಕೈಯಾಗಿಲ್ಲ, ಎಲೆ ನಮ್ಮ ಕೈಯಾಗೈತಿ. ಜನವರಿ ತಿಂಗಳು ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿದರೆ ಅರ್ಧ ಹುಡುಗರು ಓ ಅನ್ನಂಗಿಲ್ಲ ಅಂತ ಮಾಸ್ತರುಗಳು ಬೇಜಾರು ಮಾಡಿಕೊಂತಾರೆ. ಆ ಖಾಲಿ ಜಾಗದಾಗ ಕೆಲವು ಮದುವೆ ಊಟದಿಂದ ಖಾಲಿಯಾದದ್ದು ಅಂತ ನಾವು ಒಪ್ಪಿಕೊಳ್ಳಬೇಕು.

ಹಂಗಾದ್ರೆ ಊಟ ಹಾಕಲೇಬಾರದಾ? ಅಂಥಾ ಮಾತು ನನ್ನ ಬಾಯಿಂದ ಬರಲ್ಲ. ಮನೆಗೆ ಬಂದೋರಿಗೆ ಉಣ್ಣಲಿಕ್ಕೆ ಇಡದ ಮದುವೆ ಮದುವೆಯೇ ಅಲ್ಲ. ಬಸವಣ್ಣನವರ ದಾಸೋಹದ ನಾಡು ಇದು. ಮಂತ್ರಾಲಯದಾಗ ರಾಯರ ಮಠಕ್ಕೆ ಬಂದ ಭಕ್ತರು ಪ್ರಸಾದ ಉಂಡು ಹೋಗ್ತಾರೆ. ಉರುಕುಂದಿ ಈರಣ್ಣನ ಶ್ರಾವಣದ ಜಾತ್ರೆಗೆ ಬಂದೋರು ಅಲ್ಲೇ ಒಲೆ ಹೂಡಿ ಅಡಿಗೆ ಮಾಡಿ, ಪಕ್ಕದೋರಿಗೂ ಕೊಟ್ಟು ಉಣ್ತಾರೆ. ಉಣಿಸೋದು ನಮ್ಮ ರಕ್ತದಾಗೈತಿ. ಕೆಟ್ಟಿದ್ದು ಉಣಿಸೋದಲ್ಲ, ತೋರಿಸೋದು.

ಮದುವೆ ಮುಗಿಸಿ ಟ್ರ್ಯಾಕ್ಟರಿನಾಗ ವಾಪಸ್ಸು ಬರುವಾಗ ಹೆಣ್ಣುಮಕ್ಕಳು ಏನು ಮಾತಾಡ್ತಾರೆ ಅಂತ ಗಮನ ಇಟ್ಟು ಕೇಳ್ರಿ. ಹದಿನೆಂಟು ತರ ಮಾಡಿದ್ದರು ಅಂತ ಯಾರೂ ಎಣಿಸಂಗಿಲ್ಲ. ಅನ್ನ ಬಿಸಿ ಇತ್ತಾ, ಸಾರು ರುಚಿ ಇತ್ತಾ, ನೀರು ಕೊಟ್ಟರಾ, ಇನ್ನೊಂದಿಷ್ಟು ಹಾಕಲಾ ಅಂತ ಕೇಳಿದರಾ, ಇಲ್ಲಾ ಎಬ್ಬಿಸಲಿಕ್ಕೆ ಹಿಂದೆ ನಿಂತಿದ್ದರಾ? ಇಷ್ಟೇ ಮಾತು. ಅದಕ್ಕೇ ನನ್ನ ಲೆಕ್ಕದಾಗ ಒಳ್ಳೆ ಊಟಕ್ಕೆ ಮೂರು ಗುಣ ಸಾಕು. ಒಂದು, ಬಿಸಿ ಇರಬೇಕು. ಎರಡು, ಹೊಟ್ಟೆ ತುಂಬಬೇಕು. ಮೂರು, ಮೊದಲನೇ ಎಲೆಗೆ ಬಿದ್ದದ್ದು ಕಡೇ ಎಲೆಗೂ ಬೀಳಬೇಕು. ಈ ಮೂರಕ್ಕೂ ಸಾಲ ಬೇಕಾಗಿಲ್ಲ. ಈಗ ಒಬ್ಬೊಬ್ಬರ ಶಕ್ತಿಗೆ ತಕ್ಕಂಗೆ ಹೆಂಗೆ ಮಾಡಬಹುದು ಹೇಳ್ತೀನಿ.

ಮೊದಲನೇದು, ಕೈಯಾಗ ರೊಕ್ಕ ಕಡಿಮೆ ಇರೋರದು. ಇವರು ನೂರು, ನೂರೈವತ್ತು ಮಂದಿಗೆ ನಿಲ್ಲಿಸಬೇಕು. ಅಡಿಗೆ ಗುತ್ತಿಗೆ ಬೇಡ, ಊರಾಗೇ ದೊಡ್ಡ ಅಡಿಗೆ ಬಲ್ಲೋರು ಇರ್ತಾರೆ. ಸಿಹಿಗೆ ಗೋಧಿ ಹುಗ್ಗಿಗಿಂತ ಒಳ್ಳೇದು ಇಲ್ಲ. ನೂರು ಎಲೆಗೆ ಕುಟ್ಟಿದ ಗೋಧಿ 5 ಕಿಲೋ, ಬೆಲ್ಲ 6 ಕಿಲೋ, ಒಣಕೊಬ್ಬರಿ 1 ಕಿಲೋ, ಮೇಲೆ ಏಲಕ್ಕಿ, ಗಸಗಸೆ. ಗೋಧಿ ಹಿಂದಿನ ರಾತ್ರಿ ನೆನೆ ಹಾಕಿದರೆ ಕಟ್ಟಿಗೆ ಉಳಿಯುತ್ತೆ. ಅನ್ನಕ್ಕೆ ಅಕ್ಕಿ 11 ಕಿಲೋ, ಸಾರಿಗೆ ತೊಗರಿಬೇಳೆ 3 ಕಿಲೋ, ಎಣ್ಣೆಗಾಯಿಗೆ ಬದನೆಕಾಯಿ 8 ಕಿಲೋ, ಅದಕ್ಕೆ ಹುರಿದು ಕುಟ್ಟಿದ ಶೇಂಗಾ 1 ಕಿಲೋ. ಒಗ್ಗರಣೆ, ಪಲ್ಯ, ಸಂಡಿಗೆ ಎಲ್ಲಾ ಸೇರಿ ಎಣ್ಣೆ 3 ಲೀಟರು. 5 ಲೀಟರು ಮೊಸರು ಕಡೆದು ಮೂರರಷ್ಟು ನೀರು ಬೆರೆಸಿ, ಉಪ್ಪು, ಶುಂಠಿ, ಕೊತ್ತಂಬರಿ ಹಾಕಿದರೆ ಒಬ್ಬೊಬ್ಬರಿಗೆ ಒಂದು ಲೋಟ ತುಂಬ ಮಜ್ಜಿಗೆ. ಸಂಡಿಗೆ, ಉಪ್ಪಿನಕಾಯಿ ಬೇಸಿಗೆಯಾಗೇ ಮನೆಯಲ್ಲಿ ಮಾಡಿಟ್ಟುಕೊಂಡಿದ್ದರೆ ಅದಕ್ಕೂ ಖರ್ಚಿಲ್ಲ. ಈ ಊಟ ಉಂಡು ಯಾರೂ ಹಸಿದು ಎದ್ದದ್ದು ನಾನು ನೋಡಿಲ್ಲ.

ಗಂಡನಿಲ್ಲದ ಒಬ್ಬಾಕಿ ಹಿಂಗೇ ನೂರಿಪ್ಪತ್ತು ಎಲೆ ಹಾಕಿ ಮಗಳ ಮದುವೆ ಮಾಡಿದಳು. ಗಂಡಿನವರು ಹೊಳೆ ಆಚೆಯವರು. ಎಲೆ ಅಡಿಕೆ ಶಾಸ್ತ್ರದ ದಿನವೇ ಆಕೆ ಬೀಗರ ಮುಂದೆ ಕೈ ಮುಗಿದು, “ಅಣ್ಣಾರ, ನನ ಕೈಲಿ ಹುಗ್ಗಿ ಊಟ ಆಗತೈತಿ, ನಿಮ್ಮ ಕಡಿಂದ ಅರವತ್ತು ಮಂದಿ ಬರ್ರಿ, ಎಲ್ಲಾರಿಗೂ ಬಿಸಿ ಬಡಸ್ತೀನಿ” ಅಂದಳು. ಗಂಡಿನ ತಂದೆ ದೊಡ್ಡ ಮನುಷ್ಯ. “ಆತ್ ಬಿಡವ್ವಾ, ನಾವು ಉಣ್ಣಾಕ ಬರ್ತೀವಿ, ಎಣಿಸಾಕ ಬರಂಗಿಲ್ಲ” ಅಂದ. ಮದುವೆ ದಿನ ಆತ ಎರಡು ಸಲ ಹುಗ್ಗಿ ಹಾಕಿಸಿಕೊಂಡ. ಕಡೇ ಪಂಕ್ತಿಯಾಗ ನಮಗೂ ಅದೇ ಹುಗ್ಗಿ, ಅದೇ ತುಪ್ಪ ಬಿತ್ತು. ಆ ಮನೆಯ ಮೇಲೆ ಇವತ್ತಿಗೂ ಮದುವೆ ಸಾಲ ಅಂತ ಒಂದು ರೂಪಾಯಿ ಇಲ್ಲ. ಇಲ್ಲಿ ಕೆಲಸ ಮಾಡಿದ್ದು ಹುಗ್ಗಿ ಅಲ್ಲ, ಮೊದಲೇ ಬಾಯಿ ಬಿಟ್ಟು ಹೇಳಿದ ಮಾತು.

ಎರಡನೇದು, ನಡುವಿನವರದು. ಮುನ್ನೂರು, ನಾನ್ನೂರು ಎಲೆ. ಇವರು ಹೋಳಿಗೆ ಊಟ ಮಾಡಬಹುದು. ಒಂದು ಕಿಲೋ ಕಡ್ಲೆಬೇಳೆ, ಒಂದು ಕಿಲೋ ಬೆಲ್ಲಕ್ಕೆ ಸುಮಾರು 35ರಿಂದ 40 ಹೋಳಿಗೆ ಆಗ್ತಾವೆ. ನಾನ್ನೂರು ಎಲೆಗೆ ಎರಡೆರಡು ಅಂದ್ರೆ 800 ಹೋಳಿಗೆ, ಬೇಳೆ 21, 22 ಕಿಲೋ, ಬೆಲ್ಲ ಅಷ್ಟೇ. ಹೋಳಿಗೆಯ ದೊಡ್ಡ ಉಪಕಾರ ಏನಂದ್ರೆ, ಬೇಳೆ ಬಸಿದ ಕಟ್ಟು ಪುಕ್ಕಟೆ ಸಿಗುತ್ತೆ, ಅದೇ ಸಾರಾಗುತ್ತೆ. ಒಂದು ಸಾಮಾನಿನಾಗ ಎರಡು ಅಡಿಗೆ. ಹಿರಿಯರು ಈ ಜೋಡಿ ಸುಮ್ಮನೆ ಮಾಡಿದ್ದಲ್ಲ. ತುಪ್ಪ ಎಲೆಗೊಂದು ಚಮಚೆ ಅಂದ್ರೂ ನಾನ್ನೂರಕ್ಕೆ 4 ಲೀಟರು ಬೇಕು. ತುಪ್ಪದಾಗ ಕೈ ಬಿಗಿ ಹಿಡಿಯೋ ಬದಲು ಐಸ್‌ಕ್ರೀಮು ಬಿಡ್ರಿ.

ರೊಟ್ಟಿ ವಿಷಯದಾಗ ಹಳೇ ಪದ್ಧತಿ ಮತ್ತೆ ತರಬೇಕು ಅಂತ ನನ್ನ ಆಸೆ. ಒಂದು ಕಿಲೋ ಜೋಳದ ಹಿಟ್ಟಿಗೆ ಹನ್ನೆರಡು ರೊಟ್ಟಿ ಹಿಡೀರಿ. ಆರುನೂರು ರೊಟ್ಟಿಗೆ 50 ಕಿಲೋ ಹಿಟ್ಟು. ಇಪ್ಪತ್ತೈದು ಮನೆಗೆ ಎರಡೆರಡು ಕಿಲೋ ಹಿಟ್ಟು ಹಂಚಿದರೆ ಮನೆಗೆ ಇಪ್ಪತ್ನಾಲ್ಕು ರೊಟ್ಟಿ ಬಡೀಬೇಕು. ಕೈ ಪಳಗಿದ ಹೆಣ್ಣುಮಗಳಿಗೆ ಅದು ದೊಡ್ಡ ಕೆಲಸವಲ್ಲ. ಒಣಗಿಸಿದ ಕಡಕ್ ರೊಟ್ಟಿ ಎಷ್ಟೋ ದಿನ ಕೆಡದೆ ಇರುತ್ತೆ, ಒಂದು ವಾರ ಮುಂಚೆಯೇ ಮಾಡಿಡಬಹುದು. ಜೊತೆಗೆ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಗಟ್ಟಿ ಮೊಸರು. 2023ನೇ ಇಸವಿಯನ್ನ ಲೋಕವೆಲ್ಲ ಸಿರಿಧಾನ್ಯದ ವರ್ಷ ಅಂತ ಆಚರಿಸಿತು. ಪಟ್ಟಣದ ದೊಡ್ಡ ಹೋಟೆಲಿನಾಗ ರೊಟ್ಟಿ, ನವಣೆ ಅನ್ನ ಮಾನದ ಊಟ ಆಗೈತಿ. ನಾವು ಮಾತ್ರ ಅದನ್ನ ಬಡವರ ಊಟ ಅಂತ ಮದುವೆ ಎಲೆಯಿಂದ ತೆಗೆದು ಹಾಕೀವಿ. ನವಣಕ್ಕಿ ಚಿತ್ರಾನ್ನ ಒಂದು ಸಲ ಮಾಡಿ ನೋಡ್ರಿ, ಬೀಗರು ಕೇಳಿ ಹಾಕಿಸಿಕೊಂತಾರೆ.

ಮೂರನೇದು, ಇದ್ದೋರದು. ಸಾವಿರ, ಎರಡು ಸಾವಿರ ಎಲೆ. ಇದ್ದೋರು ಖರ್ಚು ಮಾಡಿದರೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅವರು ಮಾಡಿದ್ದೇ ಇಲ್ಲದವರ ತಲೆ ಮೇಲೆ ಬೀಳುತ್ತೆ, ಅದಕ್ಕೆ ಅವರಿಗೂ ಎರಡು ಮಾತು. ಇಪ್ಪತ್ತು ತರ ಮಾಡೋ ಕಡೆ ಎಲೆ ಎತ್ತುವಾಗ ನೋಡೀನಿ, ಒಂದೊಂದನ್ನ ಮುರಿದು ನೋಡಿ ಬಿಟ್ಟಿರ್ತಾರೆ. ತಿಪ್ಪೆ ಹತ್ತಿರ ನಾಯಿ ಸೈತ ಸಾಕಾಗಿ ಮಲಗಿರ್ತಾವೆ. ಎಂಟು ತರ ಮಾಡ್ರಿ, ಆ ಎಂಟೂ ಬಿಸಿ ಇರಲಿ. ಉಳಿದ ರೊಕ್ಕದಾಗ ಬಡಿಸೋರನ್ನ ಹೆಚ್ಚಿಗೆ ಇಡ್ರಿ. ನಿಂತು ಉಣ್ಣೋ ಊಟ ಇಟ್ಟರೆ, ಮುದುಕರಿಗೆ, ಕೂಸು ಎತ್ತಿಕೊಂಡ ತಾಯಂದಿರಿಗೆ ಒಂದು ಕಡೆ ಕುಂತು ಉಣ್ಣೋ ವ್ಯವಸ್ಥೆ ಮಾಡ್ರಿ. ಮಂಡಿ ನೋವಿನ ಅಜ್ಜಿ ತಟ್ಟೆ ಹಿಡಿದು ಸಾಲಿನಾಗ ನಿಂತದ್ದು ನೋಡಿದರೆ ಅದು ಯಾವ ಸೀಮೆ ಸಿರಿವಂತಿಕೆ ಅನ್ನಿಸುತ್ತೆ.

ಮೂರೂ ತರದವರಿಗೆ ಒಪ್ಪೋ ಕೆಲವು ಯುಕ್ತಿ ಅದಾವೆ. ಅಕ್ಕಿ ಒಂದೇ ಸಲ ಎಲ್ಲಾ ಹಾಕಬೇಡ್ರಿ. ನಾನ್ನೂರು ಎಲೆಗೆ 44 ಕಿಲೋ ಬೇಕಂದ್ರೆ ಮೊದಲು 25 ಕಿಲೋ ಮಾಡ್ರಿ, ಎಸರು ಕುದೀತಾ ಇರಲಿ, ಮಂದಿ ನೋಡಿಕೊಂಡು ಹತ್ತತ್ತು ಕಿಲೋ ಹಾಕ್ರಿ. ಅನ್ನವೂ ಬಿಸಿ, ಅಕ್ಕಿಯೂ ಉಳೀತು. ಉಂಡವರ ಲೆಕ್ಕ ತಿಳೀಬೇಕಂದ್ರೆ ಮಂದಿ ಎಣಿಸಬೇಡ್ರಿ, ಎಲೆ ಕಟ್ಟು ಎಣಿಸ್ರಿ. ನೂರು ಎಲೆಯ ಕಟ್ಟು ಎಷ್ಟು ಬಿಚ್ಚಿದಿರೋ ಅಷ್ಟು ನೂರು. ಮುತ್ತುಗದ ಪತ್ರಾವಳಿ ಸಿಕ್ಕರೆ ಅದನ್ನೇ ತರ್ರಿ, ದನ ತಿಂದರೂ ಮಣ್ಣಿಗೆ ಬಿದ್ದರೂ ಕೇಡಿಲ್ಲ. ಥರ್ಮಾಕೋಲ್ ತಟ್ಟೆ ಗಾಳಿಗೆ ಹಾರಿ ಹೊಲ ಸೇರುತ್ತೆ, ಉಳುವಾಗ ನಮ್ಮ ನೇಗಿಲಿಗೇ ಸಿಗುತ್ತೆ.

ನಮ್ಮ ಕಡೆ ಮದುವೆ ಹೆಚ್ಚು ಬೇಸಿಗೆಯಾಗ. ನಲವತ್ತು ಡಿಗ್ರಿ ಮೇಲಿನ ಬಿಸಿಲಿನಾಗ ಹಾಲಿನ ಸಿಹಿ, ಕಾಯಿ ರುಬ್ಬಿ ಹಾಕಿದ ಅಡಿಗೆ, ರಾತ್ರಿಯ ಪಲ್ಯ ಬೇಗ ಕೆಡ್ತಾವೆ. ಬೆಲ್ಲದ ಹುಗ್ಗಿ, ಹುಣಸೆಹುಳಿಯ ಅನ್ನ, ರೊಟ್ಟಿ, ಚಟ್ನಿಪುಡಿ ತಡೀತಾವೆ. ಹೋಳಿಗೆ ಹೂರಣವನ್ನೂ ಮುಂಚಿನ ದಿನ ರುಬ್ಬಿ ಇಡಬಾರದು. ಕುಡಿಯೋ ನೀರಿನ ಡ್ರಮ್ಮಿಗೆ ಮುಚ್ಚಳ, ಕೈ ಅದ್ದದಂಗೆ ಉದ್ದ ಹಿಡಿಕೆಯ ಸೌಟು, ಇಷ್ಟು ಇರಲೇಬೇಕು. ಮದುವೆ ಊಟ ಉಂಡು ಆಸ್ಪತ್ರೆಗೆ ಹೋದರೆ ಎಷ್ಟು ತರ ಮಾಡಿದ್ದರೂ ಹೆಸರು ಕೆಟ್ಟಿತು.

ಬಾಡೂಟದ ಮಾತು ಮರೆಯಂಗಿಲ್ಲ. ನಮ್ಮ ಕಡೆ ಎಷ್ಟೋ ಜಾತಿಯಾಗ ಮದುವೆ ಮರುದಿನ ಬೀಗರೂಟಕ್ಕೆ ಕುರಿ ಬೀಳಲೇಬೇಕು. ನೂರು ಮಂದಿಗೆ ಹನ್ನೆರಡರಿಂದ ಹದಿನೈದು ಕಿಲೋ ಮಟನ್ನು ಬೇಕು. ತಾಳಿ ದಿನದ ಖರ್ಚಿಗಿಂತ ಇದೇ ದೊಡ್ಡದಾಗಿಬಿಡುತ್ತೆ. ಬೀಗರೂಟ ಅಂದ್ರೆ ಬೀಗರ ಊಟ. ಎರಡು ಕಡೆಯ ಹತ್ತಿರದವರಿಗೆ ಮಾತ್ರ ಇಟ್ಟುಕೊಳ್ರಿ, ಊರಿಗೆಲ್ಲ ಸಾರಬೇಡ್ರಿ. ಮುಸಲ್ಮಾನ ಅಣ್ಣತಮ್ಮಂದಿರಾಗ ವಲೀಮಾ ಊಟ ಗಂಡಿನ ಕಡೆಯವರದು. ಆ ಪದ್ಧತಿ ನೋಡಿ ನಾವು ಕಲಿಯೋದು ಐತಿ. ಹೆಣ್ಣು ಕೊಟ್ಟ ಮನೆಯೇ ಊಟವನ್ನೂ ಹೊರಬೇಕು ಅನ್ನೋದು ಯಾವ ನ್ಯಾಯ? ಮದುವೆ ಇಬ್ಬರದು ಅಂದ ಮೇಲೆ ಒಲೆಯೂ ಇಬ್ಬರದು. ಖರ್ಚು ಅರ್ಧರ್ಧ ಹಾಕಿಕೊಂಡರೆ ಯಾರ ಮೀಸೆಯೂ ಮಣ್ಣಾಗಲ್ಲ.

ಈಗ ಕಡೇ ಪಂಕ್ತಿ. ಸಾವಿರ ಎಲೆ ಹಾಕಿದ ಮಂಟಪದಾಗ, ಸಿಹಿ ತೀರಿತು ಅಂತ ಹಲಗೆಯವರಿಗೆ, ಪಾತ್ರೆಯವರಿಗೆ ಬರೀ ಅನ್ನ ಸಾರು ಹಾಕಿದ್ದು ನಾನು ಕಂಡೀನಿ, ಉಂಡೀನಿ. ಕೆಲವು ಕಡೆ ಇವರಿಗೆ ಎಲೆಯೇ ಬೇರೆ, ಜಾಗವೇ ಬೇರೆ. ಬೆಳಗಿನಿಂದ ದುಡಿದೋರ ಎಲೆ ಮೇಲೆ ಹೋಳಿಗೆ ಇಲ್ಲ, ಹೊಟ್ಟೆ ತುಂಬಿದೋರ ಎಲೆ ಮೇಲೆ ಅರ್ಧ ಕಚ್ಚಿದ ಹೋಳಿಗೆ. ಇದಕ್ಕೆ ಉಪಾಯ ಸುಲಭ ಐತಿ. ನೂರು ಎಲೆಗೆ ಹತ್ತು ಎಲೆಯಂತೆ ದುಡಿಯೋರ ಪಾಲು ಲೆಕ್ಕದಾಗ ಮೊದಲೇ ಸೇರಿಸ್ರಿ. ಅಷ್ಟು ಸಿಹಿಯನ್ನ ಬೇರೆ ಪಾತ್ರೆಯಾಗ ತೆಗೆದು, ಮುಚ್ಚಿ, ಮನೆಯ ಹಿರಿಯಾಕೆಯ ಕೈಗೆ ಕೊಡ್ರಿ. ಹೊತ್ತು ಇಳಿಯೋದ್ರೊಳಗೆ ಎಲ್ಲರ ಜೊತೆಗೇ ಕುಂದ್ರಿಸಿ ಬಡಿಸ್ರಿ. ಮದುವೆ ದೊಡ್ಡದಾ ಸಣ್ಣದಾ ಅನ್ನೋದನ್ನ ನಾನು ಅಳೆಯೋದು ಇಲ್ಲೇ.

ಮಂದಿ ಏನಂತಾರೋ ಅನ್ನೋ ಭಯ ನನಗೂ ಗೊತ್ತು. ಬೀಗರನ್ನ ಹಂಗಿಸೋ ಹಾಡು ನಾವೇ ಹಾಡ್ತೀವಿ. ಬೀಗಿತಿ ಸಾರು ತೆಳ್ಳಗೆ, ಹೋಳಿಗೆ ದಪ್ಪಗೆ ಅಂತ ಆಡಿಕೊಂತೀವಿ. ಆದರೆ ಅದು ನಗೆಚಾಟಿಕೆ. ಹಾಡು ಮುಗಿದ ಮೇಲೆ ಎಲೆ ಅಡಿಕೆ ಕೊಟ್ಟು ಬೀಗಿತಿಯರಿಬ್ಬರೂ ತಬ್ಬಿಕೊಂತಾರೆ. ಈಗ ಊಟದ ಎಲೆಯ ಫೋಟೋ ಹೊಡೆದು ಫೋನಿನಾಗ ಊರೂರಿಗೆ ಕಳಿಸ್ತಾರೆ, ಅದರಾಗ ನಗೆಯೂ ಇಲ್ಲ, ಅಡಿಕೆಯೂ ಇಲ್ಲ. ಅಂಥಾ ಫೋಟೋಕ್ಕೆ ಹೆದರಿ ಹೊಲ ಒತ್ತೆ ಇಡೋದು ಬೇಡ.

ಕಡಿಮೆ ಮಂದಿಯಾಗ ಮದುವೆ ಮಾಡೋದು ನಮಗೇನು ಹೊಸದಲ್ಲ. ನಮ್ಮ ತಂದೆತಾಯಿ ಕಾಲಕ್ಕೆ ದೇಶದಾಗ ಆಹಾರದ ಬರ ಬಂದು, 1965ರಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡ್ರಿ ಅಂತ ಕೇಳಿಕೊಂಡರು, ದೇಶ ಕೇಳಿತು. ಆ ಕಾಲದಾಗ ಮದುವೆ ಊಟಕ್ಕೆ ಇಷ್ಟೇ ಮಂದಿ ಅಂತ ಎಷ್ಟೋ ಕಡೆ ಸರಕಾರವೇ ಕಟ್ಟಳೆ ಮಾಡಿತ್ತು. 1966ರಾಗ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನ ಮಂತ್ರಮಾಂಗಲ್ಯ ಅಂತ ಸರಳವಾಗಿ ಮಾಡಿದರು. ಅವರಿಗೇನು ಕರೆಯಲಿಕ್ಕೆ ಮಂದಿ ಕಡಿಮೆ ಇದ್ದರಾ? ಧರ್ಮಸ್ಥಳದಾಗ 1972ರಿಂದ ಸಾಮೂಹಿಕ ಮದುವೆ ನಡೀತಾವೆ. ಎಷ್ಟೋ ಜೋಡಿಗೆ ಒಂದೇ ಹಂದರ, ಒಂದೇ ಅಡಿಗೆ. ಇನ್ನು 2020ರ ಕೊರೋನಾದಾಗ ಐವತ್ತೇ ಮಂದಿ ಅಂತ ಸರಕಾರ ಹೇಳಿತು. ಆ ವರ್ಷ ನಮ್ಮೂರ ಸುತ್ತ ಆದ ಮದುವೆಗಳ ಜೋಡಿ ಚೆಂದಾಗೇ ಬಾಳ್ವೆ ಮಾಡ್ತಿದಾವೆ, ಮಕ್ಕಳೂ ಆಗ್ಯಾವೆ. ಊಟ ಕಡಿಮೆ ಆಯಿತಂತ ಯಾವ ತಾಳಿಯೂ ಸಡಿಲಾಗಲಿಲ್ಲ.

ಕೊನೆಗೆ ನನ್ನ ಬೇಡಿಕೆ ಎರಡೇ. ಊರ ಹಿರಿಯರಲ್ಲಿ ಒಂದು. ಎಲೆ ಅಡಿಕೆ ಶಾಸ್ತ್ರದ ದಿನ ಲಗ್ನಪತ್ರಿಕೆ ಬರೆಸ್ತೀರಲ್ಲ, ಅದೇ ಕುಂತಲ್ಲೇ ಊಟದ ಪಟ್ಟಿಯನ್ನೂ ಬರೆಸ್ರಿ. ಎರಡೂ ಕಡೆಯಿಂದ ಎಷ್ಟು ಮಂದಿ, ಏನೇನು ಅಡಿಗೆ, ಯಾರ ಖರ್ಚು ಎಷ್ಟು. ಇದ್ದೋನು ಮೊದಲು ಕಡಿಮೆ ಬರೆಸಲಿ, ಆವಾಗ ಇಲ್ಲದೋನಿಗೆ ಬಾಯಿ ಬರುತ್ತೆ. ಮಾಸ್ತರುಗಳಲ್ಲಿ ಇನ್ನೊಂದು. ನಾನು ಮೇಲೆ ಹೇಳಿದ ನೂರು ಎಲೆಯ ಲೆಕ್ಕವನ್ನ ಮಕ್ಕಳ ಗಣಿತಕ್ಕೆ ಕೊಡ್ರಿ. ನೂರಕ್ಕೆ 11 ಕಿಲೋ ಅಕ್ಕಿಯಾದರೆ ಇನ್ನೂರೈವತ್ತಕ್ಕೆ ಎಷ್ಟು, ಒಂದೂವರೆ ಲಕ್ಷಕ್ಕೆ ಎರಡು ರೂಪಾಯಿ ಬಡ್ಡಿಯಾದರೆ ಮೂರು ವರ್ಷಕ್ಕೆ ಎಷ್ಟು. ಮಕ್ಕಳು ಮನೆಗೆ ಹೋಗಿ ಅಪ್ಪನ ಮುಂದೆ ಕುಂತು ಆ ಲೆಕ್ಕ ಮಾಡಲಿ. ನಾವು ಹೇಳಿದರೆ ಕೇಳದ ಅಪ್ಪ, ಮಗಳು ಬರೆದು ತೋರಿಸಿದ ಲೆಕ್ಕ ಕೇಳ್ತಾನೆ.

ಅನ್ನ ಹಾಕಿದ ಮನೆ ಕೆಡಲ್ಲ ಅನ್ನೋ ಗಾದೆ ಸುಳ್ಳಲ್ಲ. ಅದು ತನ್ನ ಕಣಜದಾಗಿನ ಕಾಳು ತೆಗೆದು ಅನ್ನ ಹಾಕಿದ ಮನೆಯ ಮಾತು. ಬಡ್ಡಿ ರೊಕ್ಕದ ಅನ್ನಕ್ಕೆ ಹಿರಿಯರು ಗಾದೆ ಮಾಡಿಲ್ಲ.